ಆರು ಮನೆ, 180 ವರ್ಷ, ಒಂದೇ ಸಾಲು

ಈ ಸಾಲು ನೋಡಿ. ಆರು ಕಲ್ಲಿನ ಮನೆಗಳು, ಒಂದಕ್ಕೊಂದು ಅಂಟಿಕೊಂಡೇ ನಿಂತಿವೆ. ಹೆಸರು ರೀಡ್-ಅ-ಕಾರ್. ನಾವೀಗ ಇರುವುದು ವೇಲ್ಸ್‌ನ ಕಾರ್ಡಿಫ್ ಹತ್ತಿರದ ಸೇಂಟ್ ಫೇಗನ್ಸ್ ಮ್ಯೂಸಿಯಂನಲ್ಲಿ, ಆದರೆ ಈ ಮನೆಗಳ ಊರು ಇದಲ್ಲ. ಉತ್ತರಕ್ಕೆ ಹೋದರೆ ಮರ್ಥರ್ ಟಿಡ್‌ವಿಲ್ ಅಂತ ಒಂದು ಕಬ್ಬಿಣದ ಊರು ಸಿಗುತ್ತದೆ. ಅಲ್ಲಿನ ಕಬ್ಬಿಣದ ಧಣಿ ರಿಚರ್ಡ್ ಕ್ರಾಷೇ, ತನ್ನ ಅದಿರು ಗಣಿಯ ಕೆಲಸಗಾರರಿಗೆ ಅಂತ 1795ರ ಸುಮಾರಿಗೆ ಇವನ್ನು ಕಟ್ಟಿಸಿದ. 1979ರಲ್ಲಿ ಅಲ್ಲಿ ಪ್ರವಾಹ ಬಂತು, ಮನೆಗಳು ಹಾಳಾದವು. ಆಮೇಲೆ ಆ ಸಾಲಿನಿಂದ ಆರನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದರು. ಮಣಿಪಾಲದ ಹೆರಿಟೇಜ್ ವಿಲೇಜ್ ನೋಡಿದವರಿಗೆ ಈ ಹುಚ್ಚು ಎಂಥದ್ದು ಅಂತ ಗೊತ್ತಿರುತ್ತದೆ.

ಧಣಿ ದುಡ್ಡು ಉಳಿಸಿದ್ದು ಎಲ್ಲೆಲ್ಲಿ ಅಂತ ಹುಡುಕುತ್ತಾ ಬನ್ನಿ, ಮನೆಯ ನಕ್ಷೆ ತಾನಾಗಿಯೇ ಅರ್ಥವಾಗುತ್ತದೆ. ಆರು ಮನೆ ಬೇರೆ ಬೇರೆ ಕಟ್ಟಿದ್ದರೆ ಅಕ್ಕಪಕ್ಕದ ಗೋಡೆಗಳೇ ಹನ್ನೆರಡು ಬೇಕಿತ್ತು, ಹೀಗೆ ಸಾಲಾಗಿ ಕಟ್ಟಿದ್ದಕ್ಕೆ ಏಳರಲ್ಲಿ ಮುಗಿಯಿತು. ಪಕ್ಕದ ಮನೆಯವರು ಕೆಮ್ಮಿದರೆ ಕೇಳಿಸುತ್ತಿತ್ತೋ ಏನೋ, ಗೋಡೆಯಂತೂ ದಪ್ಪವಾಗಿಯೇ ಇದೆ.

ಈಗ ಹಿಂದೆ ಬನ್ನಿ. ಇದು ನನಗೆ ತುಂಬಾ ಇಷ್ಟವಾದ ಜಾಗ. ಮುಂದಿನಿಂದ ಎರಡು ಅಂತಸ್ತಿನ ಮನೆ ಅನಿಸುತ್ತದೆ, ಅಲ್ವಾ? ಹಿಂದೆ ನೋಡಿದರೆ ಮಾಡು ಜಾರುಬಂಡೆ ಹಾಗೆ ಉದ್ದಕ್ಕೆ ಇಳಿದು ಕೈಗೆ ಸಿಗುವಷ್ಟು ಕೆಳಗೆ ಬಂದುಬಿಟ್ಟಿದೆ. ಆ ಇಳಿಜಾರಿನ ಕೆಳಗೆ ಒಂದು ಪುಟ್ಟ ಮಲಗುವ ಕೋಣೆ, ಒಂದು ಉಗ್ರಾಣ. ಹಿಂದೆ ಗೋಡೆ ಎತ್ತರಿಸಿದರೆ ಕಲ್ಲು ಜಾಸ್ತಿ, ಕೂಲಿ ಜಾಸ್ತಿ. ಹಾಗಾಗಿ ಎತ್ತರಿಸಲೇ ಇಲ್ಲ!

ಒಳಗೆ ಬಂದರೆ ಒಂದೇ ದೊಡ್ಡ ಕೋಣೆ. ಅಡುಗೆ, ಊಟ, ಬಟ್ಟೆ ಒಣಗಿಸುವುದು, ಮಕ್ಕಳ ಜಗಳ, ಎಲ್ಲ ಇದೇ ಬೆಂಕಿಯ ಮುಂದೆ. ಆ ಅಗ್ಗಿಷ್ಟಿಕೆಯ ಪಕ್ಕದಲ್ಲೇ ಮೂಲೆಗೆ ಸುತ್ತಿಕೊಂಡು ಹೋಗುವ ಕಲ್ಲಿನ ಮೆಟ್ಟಿಲು. ನೆಟ್ಟಗಿನ ಮೆಟ್ಟಿಲು ಹಾಕಿದ್ದರೆ ಅರ್ಧ ಕೋಣೆಯನ್ನು ಅದೇ ತಿಂದುಬಿಡುತ್ತಿತ್ತು. ಇಷ್ಟು ಕಿರಿದಾದ ಮೆಟ್ಟಿಲಲ್ಲಿ ಮಂಚ ಹೇಗೆ ಹತ್ತಿಸಿದರು ಅಂತ ಮಾತ್ರ ಕೇಳಬೇಡಿ.

ಮ್ಯೂಸಿಯಂನವರ ನಿಜವಾದ ಜಾಣತನ ಇರುವುದು ಇಲ್ಲಿ. ಮೊದಲ ಮನೆಯನ್ನು 1805ರಲ್ಲಿ ಇದ್ದ ಹಾಗೆ ಜೋಡಿಸಿದ್ದಾರೆ. ಪಕ್ಕದ್ದು 1855, ಆಮೇಲೆ 1895, 1925, 1955, ಕೊನೆಯದು 1985. ಬರೀ ಸಾಮಾನಷ್ಟೇ ಅಲ್ಲ, ಮುಂದಿನ ಕೈತೋಟವೂ ಆಯಾ ಕಾಲದ್ದೇ. ಅಳತೆ ಅದೇ, ಗೋಡೆ ಅದೇ, ಒಳಗಿನ ಬದುಕು ಮಾತ್ರ ಬಾಗಿಲು ಬಾಗಿಲಿಗೂ ಬೇರೆ. ಮೊದಲ ಮನೆಯಲ್ಲಿ ಸಾಮಾನೇ ಕಡಿಮೆ. ಬರ್ತಾ ಬರ್ತಾ ಪಿಂಗಾಣಿ ಸಾಮಾನು ಜಾಸ್ತಿಯಾಗುತ್ತದೆ, ಗೋಡೆಗೆ ಕಾಗದ ಅಂಟುತ್ತದೆ, ಕೊನೆಗೆ ಟಿವಿ ಬಂದು ಕೂರುತ್ತದೆ.

ಅರಮನೆ ನೋಡಿದರೆ ನನಗೆ ಅರ್ಧ ಗಂಟೆಗೆ ಬೇಜಾರು. ಇಲ್ಲಿ ಹಾಗಾಗಲಿಲ್ಲ. ಕಬ್ಬಿಣದ ಧಣಿಗಳದ್ದೇ ಒಂದು ಕೋಟೆಯಂಥ ಬಂಗಲೆ ಮರ್ಥರ್‌ನಲ್ಲಿದೆ, ಕವಾರ್ತ್ವ ಕ್ಯಾಸಲ್ ಅಂತ. 1820ರ ದಶಕದಲ್ಲಿ ಕ್ರಾಷೇಯ ಮೊಮ್ಮಗ ಕಟ್ಟಿಸಿದ್ದು. ಎರಡನ್ನೂ ನೋಡುವ ಯೋಚನೆ ಇದ್ದರೆ ಮೊದಲು ಈ ಸಾಲು ನೋಡಿ, ಆಮೇಲೆ ಅದು. ಇಲ್ಲಿ ಒಳಗೆ ಹೋಗಲು ಟಿಕೆಟ್ ಇಲ್ಲ, ಪಾರ್ಕಿಂಗ್‌ಗೆ ಮಾತ್ರ ದುಡ್ಡು.