ಚಿಕ್ಕ ಗಿಟಾರು, ಸಡಿಲ ಮಣಿಕಟ್ಟು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಬ್ಲೂಗ್ರಾಸ್ ಎಂಬ ಜನಪದ ಶೈಲಿಯ ಸಂಗೀತ ಮೇಳಗಳಲ್ಲಿ ಗಿಟಾರ್ ಎಂದರೆ ಸಾಮಾನ್ಯವಾಗಿ ಡ್ರೆಡ್‌ನಾಟ್. ಬ್ಯಾಂಜೊ, ಪಿಟೀಲುಗಳ ಗದ್ದಲದಲ್ಲೂ ಕೇಳಿಸುವ ದೊಡ್ಡ ಒಡಲಿನ ವಾದ್ಯ. 1938ರಲ್ಲಿ ಟೆನೆಸೀಯ ಚಾಟನೂಗಾದಲ್ಲಿ ಹುಟ್ಟಿ, ಜಾರ್ಜಿಯಾದ ಸಲ್ಫರ್ ಸ್ಪ್ರಿಂಗ್ಸ್‌ನಲ್ಲಿ ಬೆಳೆದ ಗಿಟಾರ್ ವಾದಕ ನಾರ್ಮನ್ ಬ್ಲೇಕ್ ಅದನ್ನೂ ನುಡಿಸಿದವರೇ. 1969ರಲ್ಲಿ ಗಾಯಕ ಬಾಬ್ ಡಿಲನ್ ನ್ಯಾಶ್‌ವಿಲ್‌ನಲ್ಲಿ ಮಾಡಿದ ಧ್ವನಿಮುದ್ರಣದಲ್ಲೂ ಅವರಿದ್ದರು. ಆದರೆ ಅವರ ಒಲವು ಮಾರ್ಟಿನ್ ಕಂಪನಿಯ ಹನ್ನೆರಡು ಫ್ರೆಟ್‌ನ ಹಳೆಯ ಗಿಟಾರುಗಳ ಕಡೆಗೆ, ಗಿಬ್ಸನ್ ಕಂಪನಿಯ ನಿಕ್ ಲೂಕಸ್ ಗಿಟಾರಿನ ಕಡೆಗೆ. ಈ ಗಿಬ್ಸನ್‌ನ ಒಡಲು ಚಿಕ್ಕದು, ಆಳ ಮಾತ್ರ ಹೆಚ್ಚು.

ಹನ್ನೆರಡು ಫ್ರೆಟ್ ಎಂದರೇನು? ಫ್ರೆಟ್ ಎಂದರೆ ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ. ಕುತ್ತಿಗೆ ಒಡಲಿಗೆ ಸೇರುವುದು ಹದಿನಾಲ್ಕನೆಯ ಫ್ರೆಟ್‌ನಲ್ಲಲ್ಲ, ಹನ್ನೆರಡನೆಯದರಲ್ಲಿ. ಆಗ ಬ್ರಿಡ್ಜ್, ಅಂದರೆ ತಂತಿಗಳನ್ನು ಮೇಲ್ಹಲಗೆಗೆ ಕಟ್ಟುವ ಪಟ್ಟಿ, ಹಿಂದಕ್ಕೆ ಸರಿದು, ಮೇಲ್ಹಲಗೆಯ ಅಗಲವಾದ ಭಾಗದ ನಡುವಿಗೆ ಬರುತ್ತದೆ. ಹಲಗೆ ಅಲ್ಲಿ ಹೆಚ್ಚು ಸಲೀಸಾಗಿ ಅದುರುವುದರಿಂದ ದನಿ ದುಂಡಗೆ, ಬೆಚ್ಚಗೆ ಬರುತ್ತದೆ. ಮೇಲಿನ ಫ್ರೆಟ್‌ಗಳಿಗೆ ಬೆರಳು ಎಟುಕುವುದು ಕಷ್ಟ, ನಿಜ. ಆದರೆ ಪಿಟೀಲಿನ ಹಳೆಯ ಧಾಟಿಗಳನ್ನು ಮೊದಲ ಮೂರು ನಾಲ್ಕು ಫ್ರೆಟ್‌ಗಳಲ್ಲೇ ನುಡಿಸಬಹುದು. ಡಿ ಶ್ರುತಿ ಬೇಕೇ? ಎರಡನೆಯ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿ, ಸಿ ಹಿಡಿತದಲ್ಲೇ ನುಡಿಸಿ.

ಡ್ರೆಡ್‌ನಾಟ್ ಅಭ್ಯಾಸವಾದ ಕೈ ಎಡವುವುದು ಇಲ್ಲೇ. ಚಿಕ್ಕ ಗಿಟಾರನ್ನು ಬಲವಾಗಿ ಹೊಡೆದರೆ ಒಂದು ಮಿತಿಯ ಆಚೆಗೆ ದನಿ ಏರುವುದಿಲ್ಲ. ತಂತಿ ಮೀಟುವ ಬಿಲ್ಲೆಯ, ಅಂದರೆ ಪಿಕ್ಕಿನ, ಟಕಟಕ ಮಾತ್ರ ಏರುತ್ತದೆ, ಎಲ್ಲಕ್ಕಿಂತ ದಪ್ಪನೆಯ ಆರನೆಯ ತಂತಿ ಫ್ರೆಟ್‌ಗೆ ಬಡಿದು ಝರ್ ಎನ್ನುತ್ತದೆ. ಆಗ ಹಲವರು ದಪ್ಪ ತಂತಿ ಕಟ್ಟುತ್ತಾರೆ. ಕಾಯಿಲೆಗಿಂತ ಮದ್ದೇ ಕೆಟ್ಟದ್ದು! ತೆಳುವಾಗಿ ಕಟ್ಟಿದ ಹಳೆಯ ವಾದ್ಯಕ್ಕೆ 13ರಿಂದ 56ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಹಾಕಿದರೆ ಬ್ರಿಡ್ಜ್‌ನ ಹಿಂದೆ ಹಲಗೆ ಉಬ್ಬಬಹುದು. 12ರಿಂದ 53 ಸಾಕು. ಆಗಾಗ ಬ್ರಿಡ್ಜ್‌ನ ಹಿಂಬದಿಯಲ್ಲಿ ತೆಳು ಕಾಗದ ತೂರಿಸಿ ನೋಡಿ. ಒಳಗೆ ಹೋಯಿತೇ? ಬ್ರಿಡ್ಜ್ ಹಲಗೆಯಿಂದ ಏಳುತ್ತಿದೆ. ತಂತಿ ಸಡಿಲಿಸಿ, ರಿಪೇರಿಯವರ ಹತ್ತಿರ ಒಯ್ಯಿರಿ.

ಬ್ಲೇಕ್ ಅವರ ಉಪಾಯ ಪಿಕ್ಕಿನಲ್ಲಿದೆ. ಚೂಪು ತುದಿಯ ಬದಲು ದುಂಡನೆಯ ಭುಜದಿಂದ ಮೀಟುತ್ತಾರೆ. ಟಕಟಕ ಕಡಿಮೆಯಾಗಿ ಸ್ವರ ತುಂಬಿಕೊಳ್ಳುತ್ತದೆ. ಪಿಕ್ಕನ್ನು ತುಸುವೇ ಓರೆಯಾಗಿಸಿ. ಅತಿಯಾದರೆ ಲೋಹದ ಎಳೆ ಸುತ್ತಿದ ದಪ್ಪ ತಂತಿಗಳ ಮೇಲೆ ಉಜ್ಜಿದ ಸದ್ದು ಬರುತ್ತದೆ.

ಇನ್ನು ಅಭ್ಯಾಸ. ತಾಳ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 80 ಬಡಿತಕ್ಕೆ ಇಡಿ. ತಾಳ ಬೀಳುವಲ್ಲಿ ಕೆಳಗೆ ಮೀಟಿ, ನಡುವೆ ಮೇಲಕ್ಕೆ. ಸ್ವರವಿಲ್ಲದ ಜಾಗದಲ್ಲೂ ಕೈ ಗಾಳಿಯಲ್ಲಿ ಆಡುತ್ತಲೇ ಇರಲಿ. ಅಲ್ಲಿ ಕೈ ನಿಂತರೆ ಮುಂದಿನ ಮೀಟು ತಿರುಗುಮುರುಗಾಗುತ್ತದೆ. ಒತ್ತು ತಪ್ಪುವುದು ಹಾಗೆಯೇ. ಮಣಿಕಟ್ಟು ಬಿಗಿಯಾಯಿತು ಅನಿಸಿದರೆ ವೇಗ ಇಳಿಸಿ, 60ಕ್ಕೆ ಬನ್ನಿ.

ನಮಸ್ಕಾರ.