ವಿಕರ್ಣ ಯಾರಿಗೆ ಎದುರು?

ನಮಸ್ಕಾರ. ತುಮಕೂರಿನಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಗಣಿತದ ಮನೆಪಾಠ ಹೇಳುವ ನಾನು ಲಂಬಕೋನ ತ್ರಿಭುಜವನ್ನು ಬೇಕೆಂದೇ ತಿರುಗಿಸಿ, ಅದರ ಅತಿ ಉದ್ದದ ಬಾಹು ನೆಲಕ್ಕೆ ಮಲಗಿದಂತೆ ಬರೆದು, ವಿಕರ್ಣ ಯಾವುದೆಂದು ಕೇಳುತ್ತೇನೆ. ಪೈಥಾಗೊರಸನ ಪ್ರಮೇಯವನ್ನು ಒಂದೇ ಉಸಿರಿಗೆ ಒಪ್ಪಿಸುವ ಮಕ್ಕಳೂ ಓರೆಯಾಗಿರುವ ಬಾಹುವಿನ ಮೇಲೆ ಬೆರಳಿಡುತ್ತಾರೆ, ಏಕೆಂದರೆ ವಿಕರ್ಣವೆಂದರೆ ಓರೆಗೆರೆ ಎಂಬುದಷ್ಟೇ ಅವರ ನೆನಪಿನಲ್ಲಿ ಉಳಿದಿರುತ್ತದೆ.

ಆಗ ಪುಸ್ತಕವನ್ನು ಪಕ್ಕಕ್ಕಿಟ್ಟು, ದ್ಯೂತಸಭೆಯಲ್ಲಿ ದ್ರೌಪದಿಯ ಪರವಾಗಿ ಮಾತನಾಡಿದ ಕೌರವ ಯಾರೆಂದು ಕೇಳುತ್ತೇನೆ. ಹಾರ್ಮೋನಿಯಂ ಮುಂದಿಟ್ಟುಕೊಂಡು ರಾತ್ರಿಯಿಡೀ ಪೌರಾಣಿಕ ನಾಟಕ ಆಡುವ, ಗುಬ್ಬಿ ವೀರಣ್ಣನವರ ಜಿಲ್ಲೆ ಇದು. ಉತ್ತರಕ್ಕೆ ಬಹಳ ಕಾಯಬೇಕಾಗುವುದಿಲ್ಲ. ಅಣ್ಣನಿಗೆ ಎದುರು ನಿಂತವನು ವಿಕರ್ಣ, ಲಂಬಕೋನಕ್ಕೆ ಎದುರಿರುವ ಬಾಹುವೂ ವಿಕರ್ಣ. ಅಲ್ಲಿಂದಾಚೆಗೆ ತ್ರಿಭುಜವನ್ನು ಹೇಗೆ ತಿರುಗಿಸಿದರೂ ಮಕ್ಕಳು ಮೊದಲು ಲಂಬಕೋನವನ್ನು ಹುಡುಕಿ, ಆಮೇಲೆ ಅದರ ಎದುರಿಗೆ ಕಣ್ಣು ಹಾಯಿಸುತ್ತಾರೆ.

ನನ್ನ ವಾದ ಇಷ್ಟೆ: ಕನ್ನಡದ ಪದವನ್ನು ನೆನಪಿಡುವ ಉಪಾಯವನ್ನು ಕನ್ನಡದೊಳಗೇ ಹುಡುಕಬೇಕು. ಇಂಗ್ಲಿಷ್ ಪಾಠಗಳಲ್ಲಿ ಕಾಂಪ್ಲಿಮೆಂಟರಿಯ ‘ಸಿ’ ಎಂದರೆ ಕಾರ್ನರ್, ಸಪ್ಲಿಮೆಂಟರಿಯ ‘ಎಸ್’ ಎಂದರೆ ಸ್ಟ್ರೇಟ್ ಎಂದು ಹೇಳಿ 90 ಮತ್ತು 180 ಡಿಗ್ರಿಗಳ ಜೋಡಿಕೋನಗಳನ್ನು ಬೇರ್ಪಡಿಸುವ ಜಾಣತನವಿದೆ. ಆದರೆ ಪೂರಕ, ಪರಿಪೂರಕ ಎರಡೂ ಪಕಾರದಿಂದಲೇ ಆರಂಭವಾಗುವ ನಮಗೆ ಅದು ಒದಗುವುದಿಲ್ಲ. ‘ಪರಿ’ ಸೇರಿದರೆ 90 ಇಮ್ಮಡಿಯಾಗುತ್ತದೆ ಎಂದರೆ ಸಾಕು. ಇನ್ನು, ಕನ್ನಡದ ತರಗತಿಯಲ್ಲಿ ‘ಯಮಾತಾರಾಜಭಾನಸಲಗಂ’ ಎಂದು ಗಣಗಳನ್ನು ಗುರುತಿಸುವ ಮಕ್ಕಳಿಗೆ, ಛಂದಸ್ಸಿನ ಲಘುವೇ 90 ಡಿಗ್ರಿಗಿಂತ ಕಿರಿದಾದ ಲಘುಕೋನದಲ್ಲೂ ಇದೆಯೆಂದು ಗಣಿತದ ಮೇಷ್ಟ್ರುಗಳು ಹೇಳದಿರುವುದು ನನಗೆ ಸೋಜಿಗ.

ನನಗೆ ಎಲ್ಲಕ್ಕಿಂತ ಪ್ರಿಯವಾದುದು ವೃತ್ತದ ಕಂಸ. ಆ ಹೆಸರು ಕೇಳಿ ನಗುವ ಮಕ್ಕಳಿಗೆ, ಕೃಷ್ಣನನ್ನು ಮಥುರೆಗೆ ಕರೆಸಿಕೊಳ್ಳಲು ಕಂಸ ಹೂಡಿದ್ದು ಬಿಲ್ಲಹಬ್ಬವೆಂದು ನೆನಪಿಸುತ್ತೇನೆ: ಬಾಗಿದ ಬಿಲ್ಲು ಕಂಸ, ಅದರ ಎರಡು ತುದಿಗಳನ್ನು ಸೇರಿಸುವ ಹೆದೆ ಜ್ಯಾ. ಕಂಸನದು ಕಟ್ಟಿಕೊಂಡ ನೆಪವಾದರೂ ಜ್ಯಾ ಹಾಗಲ್ಲ. ಸಂಸ್ಕೃತದಲ್ಲಿ ಆ ಪದದ ಅರ್ಥವೇ ಬಿಲ್ಲಿನ ಹೆದೆ.

ಒಮ್ಮೆ ಒಬ್ಬ ಹುಡುಗ ಬಿಲ್ಲಹಬ್ಬವನ್ನು ಸೊಗಸಾಗಿ ವಿವರಿಸಿ, ಜ್ಯಾ ಎಳೆಯೆಂದಾಗ ಕೇಂದ್ರದಿಂದ ತ್ರಿಜ್ಯವನ್ನು ಎಳೆದಿದ್ದ. ತಪ್ಪು ನನ್ನದು, ಅವನ ಕೈಗೆ ಕೈವಾರ ಕೊಡುವ ಮೊದಲೇ ಕಥೆ ಹೇಳಿಬಿಟ್ಟಿದ್ದೆ. ಈಗ ಮೊದಲು ಚಿತ್ರ, ಆಮೇಲೆ ಕಥೆ. ಒಂದು ಜೊತೆ ಎದುರುಬಾಹುಗಳು ಸಮಾಂತರವಾಗಿರುವ ಚತುರ್ಭುಜಕ್ಕೆ, ಅಂದರೆ ತ್ರಾಪಿಜ್ಯಕ್ಕೆ, ಮಾತ್ರ ನನ್ನಲ್ಲಿ ಕಥೆಯೇ ಇಲ್ಲ. ಪುಟ್ಟ ಮೇಜು ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಅದನ್ನು, ಬರೆಸಿ ಬರೆಸಿ ಬಾಯಿಪಾಠವನ್ನೇ ಮಾಡಿಸುತ್ತೇನೆ.