ಮೊಸಳೆ ಹೋಟೆಲಿನ ಊಟದಿಂದ ಮತ್ತೆ ಹೊರಟ ಯುರೋಪ್

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ್ದರು: ಯುರೋಪಿಯನ್ ಯೂನಿಯನ್ನಿನ ಪಾರ್ಲಿಮೆಂಟ್, ಅಂದರೆ ಯುರೋಪಿಯನ್ ಪಾರ್ಲಿಮೆಂಟ್, ಸಾಮಾನ್ಯವಾಗಿ ತಾನಾಗಿ ಮಸೂದೆ ಮಂಡಿಸುವ ಹಾಗಿಲ್ಲ. ಹಾಗಿದ್ದ ಮೇಲೆ ಜನ ಅದಕ್ಕೆ ಓಟು ಹಾಕಿ ಏನು ಬಂತು? ಉತ್ತರ ಹುಡುಕುತ್ತಾ ಹೋದೆ. ಒಂದು ಊಟದ ಮೇಜಿನ ಹತ್ತಿರ ನಿಂತುಬಿಟ್ಟೆ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಇವತ್ತಿನ ಯೂನಿಯನ್ನಿಗೆ ಮುಂಚೆ ಇದ್ದ ಯುರೋಪಿಯನ್ ಸಮುದಾಯದಲ್ಲಿ, 1966ರಲ್ಲಿ ಸದಸ್ಯ ದೇಶಗಳು ಮಾಡಿಕೊಂಡ ಲಕ್ಸೆಂಬರ್ಗ್ ರಾಜಿಯ ನಂತರ, ದೊಡ್ಡ ವಿಷಯಗಳಲ್ಲಿ ಒಂದೇ ದೇಶ ಬೇಡ ಅಂದರೂ ಕೆಲಸ ನಿಲ್ಲುತ್ತಿತ್ತು. 1970ರ ದಶಕದಲ್ಲಿ ತೈಲದ ಬೆಲೆ ಏರಿತು, ಎಲ್ಲರಿಗೂ ತಮ್ಮ ತಮ್ಮ ಮನೆಯದೇ ಚಿಂತೆ. 1979ರ ಜೂನ್‌ನಲ್ಲಿ ಒಂಬತ್ತು ದೇಶಗಳ ಜನ ಮೊದಲ ಸಲ ನೇರವಾಗಿ ಓಟು ಹಾಕಿ ಈ ಪಾರ್ಲಿಮೆಂಟಿಗೆ 410 ಸದಸ್ಯರನ್ನು ಕಳಿಸಿದರು.

[ಪರದೆ ಮೇಲೆ: ಸ್ಟ್ರಾಸ್‌ಬರ್ಗ್, 1980ರ ಜುಲೈ 9]

ಈಗ ಆ ಊಟ. ಹೋಟೆಲಿನ ಹೆಸರು ‘ಓ ಕ್ರೊಕೊದಿಲ್’. ಹೌದು, ಮೊಸಳೆ! ಒಳಗೆ ನಿಜವಾದ ಮೊಸಳೆಯೊಂದನ್ನು ಒಣಗಿಸಿ ಇಟ್ಟಿದ್ದಾರೆ. ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯಿಂದ ಬಂದದ್ದು ಅಂತ ಹೇಳುತ್ತಾರೆ. ಮೇಜಿನ ಸುತ್ತ ಒಂಬತ್ತು ಜನ ಸದಸ್ಯರು. ದೇಶ ಬೇರೆ, ಪಕ್ಷ ಬೇರೆ. ಕರೆಸಿದವರು ಇಟಲಿಯ ಅಲ್ಟಿಯೆರೊ ಸ್ಪಿನೆಲ್ಲಿ. ವಯಸ್ಸು 72.

ಈ ಮನುಷ್ಯ ಯಾರು ಗೊತ್ತಾ? ಇಟಲಿಯ ಸರ್ವಾಧಿಕಾರಿ ಮುಸೊಲಿನಿಯನ್ನು ವಿರೋಧಿಸಿ ಹದಿನಾರು ವರ್ಷ ಜೈಲು, ಗಡೀಪಾರು ಅನುಭವಿಸಿದವರು. 1941ರಲ್ಲಿ ವೆಂಟೊಟೆನೆ ದ್ವೀಪದಲ್ಲಿ ಬಂಧಿಯಾಗಿದ್ದಾಗ, ಒಂದಾದ ಯುರೋಪಿನ ಪ್ರಣಾಳಿಕೆಯನ್ನು ಗೆಳೆಯರ ಜೊತೆ ಸೇರಿ ಸಿಗರೇಟ್ ಸುತ್ತುವ ಕಾಗದದ ಮೇಲೆ ಬರೆದವರು. ಆ ಕಾಗದ ಎಷ್ಟು ತೆಳ್ಳಗಿರುತ್ತದೆ ಅಂದರೆ, ಪೆನ್ನು ಸ್ವಲ್ಪ ಜಾಸ್ತಿ ಒತ್ತಿದರೆ ಹರಿದೇ ಹೋಗುತ್ತದೆ. ಅದರ ಮೇಲೆ ಇಡೀ ಖಂಡದ ಕನಸು! ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸ್ಪಿನೆಲ್ಲಿ ಅವರ ವಾದ ಸರಳ. ಸರ್ಕಾರಗಳಿಗೆ ಕಾಯುತ್ತಾ ಕೂತರೆ ಆಗುವುದಿಲ್ಲ. ಈಗ ನಮ್ಮನ್ನು ಜನರೇ ಆರಿಸಿದ್ದಾರೆ, ಹೊಸ ಒಪ್ಪಂದವನ್ನು ನಾವೇ ಬರೆಯೋಣ. ಆ ಊಟದಲ್ಲಿ ಸೇರಿದ ಗುಂಪು, ‘ಕ್ರೊಕೊಡೈಲ್ ಕ್ಲಬ್’, ಬೆಳೆಯಿತು. 1984ರ ಫೆಬ್ರವರಿ 14ರಂದು ಯುರೋಪಿಯನ್ ಯೂನಿಯನ್ ಒಪ್ಪಂದದ ಕರಡು ಪಾರ್ಲಿಮೆಂಟಿನಲ್ಲಿ 237–31 ಮತಗಳಿಂದ ಪಾಸಾಯಿತು.

ಸಮಯ ಕಮ್ಮಿ ಇದೆ, ಮುಂದಿನದನ್ನು ಒಟ್ಟಿಗೆ ಹೇಳುತ್ತೇನೆ. ಆ ಕರಡನ್ನು ಸರ್ಕಾರಗಳು ಹಾಗೇ ಒಪ್ಪಲಿಲ್ಲ. ಆದರೆ ಅಷ್ಟು ಮತ ಬಿದ್ದದ್ದನ್ನು ಸುಮ್ನೆ ತಳ್ಳಿಹಾಕಲೂ ಆಗಲಿಲ್ಲ. ಮೇ ತಿಂಗಳಲ್ಲಿ ಫ್ರಾನ್ಸ್ ಅಧ್ಯಕ್ಷ ಮಿತ್ತೆರಾಂ ಅದೇ ಪಾರ್ಲಿಮೆಂಟಿಗೆ ಬಂದು ಅದರ ಆಶಯವನ್ನು ಬೆಂಬಲಿಸಿದರು. 1985ರಲ್ಲಿ ಮಿಲಾನ್‌ನಲ್ಲಿ ಸೇರಿದ ದೇಶಗಳ ನಾಯಕರು, ಬ್ರಿಟನ್, ಡೆನ್ಮಾರ್ಕ್, ಗ್ರೀಸ್ ಬೇಡ ಅಂದರೂ ಬಹುಮತದಿಂದಲೇ ಒಪ್ಪಂದ ಬದಲಿಸುವ ಸಮ್ಮೇಳನ ಕರೆದರು. ಅದರಿಂದ ಬಂದದ್ದೇ ಸಿಂಗಲ್ ಯುರೋಪಿಯನ್ ಆಕ್ಟ್ ಎಂಬ ಒಪ್ಪಂದ. ಎಲ್ಲ ಸದಸ್ಯ ದೇಶಗಳೂ ಸೇರಿ ಒಂದೇ ಮಾರುಕಟ್ಟೆಯಾಗಲು ಬೇಕಾದ ಹೆಚ್ಚಿನ ಕಾನೂನುಗಳಿಗೆ ಬಹುಮತ ಸಾಕಾಯಿತು, ಪಾರ್ಲಿಮೆಂಟಿನ ಮಾತಿಗೂ ತೂಕ ಬಂತು.

ಅದು ಜಾರಿಯಾದದ್ದು 1987ರ ಜುಲೈ 1ಕ್ಕೆ. ಸ್ಪಿನೆಲ್ಲಿ ಅದಕ್ಕೂ ಒಂದು ವರ್ಷ ಮುಂಚೆ, 1986ರ ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ಬ್ರಸೆಲ್ಸ್‌ನಲ್ಲಿ ಪಾರ್ಲಿಮೆಂಟಿನ ದೊಡ್ಡ ಕಟ್ಟಡವೊಂದಕ್ಕೆ ಇವತ್ತು ಅವರದೇ ಹೆಸರಿದೆ.